ಗೋಡೆ ಒಲ್ಲದ ಹುಲಿ

“ಅಂಗಿ ಕಳೀರಿ, ಮಾಸ್ತರ. ಗ್ವಾಡಿ ಉಸಿರಾಡಂಗಿಲ್ಲ, ಅದರ ಮ್ಯಾಲೆ ಹುಲಿ ಹ್ಯಾಂಗ ಏಳಬೇಕು?” ಎಂದರು ಇಮಾಮಸಾಬ ಕಾಕಾ, ಕುಂಚ ಹಿಡಿದು.

ಅರವತ್ತರ ದಶಕದ ಹುಬ್ಬಳ್ಳಿ. ನಮ್ಮ ವಾಚನಾಲಯದ ಗೋಡೆಗೆ ಓಣಿಯವರೇ ಹೇಳಿದ ಕಥೆಗಳ ಚಿತ್ರ ಬರೆಸಲು, ಮೊಹರಮ್ಮಿನ ಹುಲಿವೇಷದವರಿಗೆ ಬಣ್ಣ ಬಳಿಯುವ ಅವರನ್ನು ನಾನೇ ಗೊತ್ತುಮಾಡಿದ್ದೆ. ಮುಂಜಾನೆಯಿಂದ ಒಂದು ಗೆರೆಯೂ ಮೂಡಿರಲಿಲ್ಲ. ಸಂಜೆಗೆ ಉದ್ಘಾಟನೆ. ಅಂಗಿ ಕಳೆದೆ, ಹುಲಿ ನನ್ನ ಹೊಟ್ಟೆಯನ್ನೇರಿತು.

ವಾಚನಾಲಯದ ಅಧ್ಯಕ್ಷರು ಬಂದು, ಗೋಡೆಗೆಂದು ತಂದ ರಿಬ್ಬನ್ನನ್ನು ನನ್ನ ಸೊಂಟಕ್ಕೆ ಕಟ್ಟಿಸಿ, ಗಂಭೀರವಾಗಿ ಕತ್ತರಿಸಿದರು. ನಾನು ಉಸಿರೆಳೆದೆ, ಹೊಟ್ಟೆಯ ಮೇಲಿನ ಹುಲಿ ಎದ್ದಿತು. ಹುಲಿಯ ಕಥೆ ಹೇಳಿದ್ದ ಗಂಗವ್ವಜ್ಜಿ ಎರಡು ಹೆಜ್ಜೆ ಹಿಂದೆ ಸರಿದು, “ಅದ ಹುಲೀನ ಇದು!” ಎಂದು ಕೈಮುಗಿದರು.

ಗೋಡೆ ಖಾಲಿಯೇ ಉಳಿಯಿತು. ಇಂದಿಗೂ ಅದರ ಮುಂದೆ ಹಾಯುವಾಗ ಹೊಟ್ಟೆ ಒಳಗೆಳೆದುಕೊಳ್ಳುತ್ತೇನೆ, ಹುಲಿ ಎದ್ದೀತೆಂದು.