ಅಜ್ಜಿ ಹಂಚಿದ ಸ್ಯಾಂಪಲ್

ಸತ್ಯಶೋಧನೆ ಮನುಷ್ಯನ ಮುಖಕ್ಕೆ ತೇಜಸ್ಸು ಕೊಡುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಮ್ಮ ಮೈಕ್ರೋಬಯಾಲಜಿ ಮೇಷ್ಟ್ರಿಗೆ ಅದು ಕೊಟ್ಟದ್ದು ನೇರಳೆ ಉಗುರು. ಬ್ಯಾಕ್ಟೀರಿಯಾಕ್ಕೆ ಹಾಕುವ ಬಣ್ಣ ಅವರ ಬೆರಳಿಗೇ ಚೆನ್ನಾಗಿ ಹತ್ತುತ್ತಿತ್ತು. ಅದೇ ಬೆರಳಲ್ಲಿ ನಮ್ಮ ಪ್ರಾಜೆಕ್ಟುಗಳ ಮೇಲೆ ಅಡ್ಡಗೀಟು ಎಳೆಯುತ್ತಿದ್ದರು.

ಡಿಗ್ರಿ ಕೊನೆಯ ವರ್ಷ ನನ್ನದು ಹರಿಹರದ ಹೊಳೆ ನೀರಿನ ಪರೀಕ್ಷೆ. ವಿದ್ಯಾರ್ಥಿಗಳ ಸಂಶೋಧನಾ ಸಮ್ಮೇಳನದಲ್ಲಿ ಬಹುಮಾನ ಬಂದರೆ ಮಾತ್ರ ಎಂ.ಎಸ್ಸಿ. ಓದಿಸುವುದು, ಇಲ್ಲವಾದರೆ ಇಲ್ಲ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ನೀರು ತಂದ ಸಂಜೆ ಲ್ಯಾಬಿಗೆ ಬೀಗ ಬಿದ್ದಿತ್ತು. ಬಾಟಲಿಯನ್ನು ಸರಸ್ವತಿ ನಗರದ ನಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಒಯ್ದು ಪರೀಕ್ಷಿಸಿದೆ. ಎರಡು ದಿನ ಬಿಟ್ಟು ರಿಸಲ್ಟ್ ನೋಡಿದರೆ ಒಂದು ಕ್ರಿಮಿಯೂ ಇಲ್ಲ!

"ಹೊಳೆ ನೀರು ಇಷ್ಟು ಶುದ್ಧ ಬಂದ್ರೆ ಪವಾಡ ಕಣಮ್ಮ. ಪವಾಡ ನಮ್ ಸಿಲಬಸ್‌ನಾಗಿಲ್ಲ," ಎಂದರು ಮೇಷ್ಟ್ರು. "ಮನ್ಯಾಗೆ ಯಾರ್ಯಾರು ಅದೀರಿ?"

"ಅಪ್ಪ, ಅಜ್ಜಿ, ಸರ್."

"ಅಜ್ಜಿ ಹೊಟ್ಟೆ ಹೆಂಗೈತೆ?"

"ನಿನ್ನೆಯಿಂದ ಕೆಟ್ಟೈತೆ ಸರ್."

"ಹಂಗಾದ್ರೆ ರಿಸಲ್ಟ್ ಸಿಕ್ತು ಬಿಡು."

ಮನೆಗೆ ಹೋಗಿ ಕೇಳಿದರೆ ಅಜ್ಜಿ ಮುಗ್ಧವಾಗಿ ಒಪ್ಪಿಕೊಂಡಳು: "ಹೊಳೆ ನೀರು ಅಲ್ಲೇನೇ, ತೀರ್ಥ ಅಂತ ನಾನೂ ಕುಡ್ದು ಓಣಿಗೆಲ್ಲಾ ಕೊಟ್ಟೆ. ಬಾಟ್ಲಿ ಖಾಲಿ ಆದ್ರೆ ನೀ ಬೈತಿ ಅಂತ ನಲ್ಲಿ ನೀರು ತುಂಬಿಟ್ಟೆ."

ಮತ್ತೆ ಪರೀಕ್ಷಿಸಲು ಸಮಯವಿರಲಿಲ್ಲ. ಸಮ್ಮೇಳನದಿಂದ ಹೆಸರು ವಾಪಸು ತೆಗೆಯುತ್ತೇನೆಂದು ಅತ್ತುಬಿಟ್ಟೆ. ಮೇಷ್ಟ್ರು ಒಪ್ಪಲಿಲ್ಲ. ನನ್ನ ಪೋಸ್ಟರಿನ ಫಲಿತಾಂಶದ ಮೇಲೆ ತಾವೇ ಬಿಳಿ ಹಾಳೆ ಅಂಟಿಸಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದರು. "ಬಂದೋರಿಗೆಲ್ಲ ಯಾಕ ಬಿಳಿ ಐತೆ ಅಂತ ಹೇಳು." ದಿನವಿಡೀ ಹೇಳಿದೆ. ಭೌತಶಾಸ್ತ್ರದವರು ನಕ್ಕರು, ಸಸ್ಯಶಾಸ್ತ್ರದವರು ಸ್ನೇಹಿತರನ್ನು ಕರೆತಂದು ಮತ್ತೊಮ್ಮೆ ಹೇಳಿಸಿ ನಕ್ಕರು. ಅಪ್ಪ ಮಾತಿಗೆ ತಪ್ಪಲಿಲ್ಲ. ನನ್ನ ಓದು ಅಲ್ಲಿಗೆ ನಿಂತಿತು.

ಮುಂದೆ ನೀರು ಪರೀಕ್ಷಿಸುವ ಲ್ಯಾಬೊಂದರಲ್ಲಿ ನನಗೆ ಕೆಲಸ ಸಿಕ್ಕಿದ್ದು ಮೇಷ್ಟ್ರು ಫೋನಿನಲ್ಲಿ ಆಡಿದ ಒಂದೇ ಮಾತಿನಿಂದ: "ಬಿಳಿ ಹಾಳೆ ಪಕ್ಕ ನಿಂತ ಹುಡುಗಿ ರೀ, ಸುಳ್ಳು ರಿಪೋರ್ಟ್ ಕೊಡಲ್ಲ."

ಮೊನ್ನೆ ಅವರು ಹಾಸಿಗೆ ಹಿಡಿದಾಗ, ಬಾಯಿಗೆ ಬಿಡಲು ಹೊಳೆ ನೀರು ತಾರಮ್ಮ ಎಂದು ಅವರ ಹೆಂಡತಿ ಹೇಳಿಕಳಿಸಿದರು. ಒಯ್ದೆ. ಚಮಚ ತುಟಿಗೆ ಬಂದಾಗ ಮೇಷ್ಟ್ರು ಕಣ್ಣು ತೆರೆದರು.

"ಟೆಸ್ಟ್ ಆಗೈತೇನು?"

"ಇಟ್ಟೀನಿ ಸರ್. ನಾಡಿದ್ದು ರಿಸಲ್ಟ್."

"ನಾಡಿದ್ದು ಕುಡೀತೀನಿ."

ಬಾಯಿ ಮುಚ್ಚಿದರು. ಹೆಂಡತಿ ಬೇಡಿಕೊಂಡರೂ ತೆರೆಯಲಿಲ್ಲ. ಮರುದಿನ ತೀರಿಕೊಂಡರು.

ಅದರ ಮರುದಿನ ರಿಸಲ್ಟ್ ಬಂತು. ನೀರು ಕುಡಿಯಲು ಯೋಗ್ಯವಲ್ಲ.