‘ತಗೀರಿ’ ಅಂದರೆ ಏನೆಂದು ನನಗೆ ಗೊತ್ತಿತ್ತು

ಕಾಕುವಿನ ಡ್ರಾಯರ್ ಮಶೀನು ನಮ್ಮ ಮನೆಯಿಂದ ಹೋದದ್ದು ನನ್ನ ಬಾಯಿಂದ. ಅಂಗಡಿಯವನು ಮೋಸ ಮಾಡಲಿಲ್ಲ, ಅಪ್ಪ ಅವಸರ ಮಾಡಲಿಲ್ಲ. ಕಾಕು ಕನ್ನಡದಲ್ಲಿ ಒಂದು ಶಬ್ದ ಹೇಳಿದರು. ನಾನು ಅದನ್ನು ಮರಾಠಿಗೆ ತಿರುಗಿಸಿದೆ — ತಪ್ಪಾಗಿ ತಿರುಗಿಸಿದೆ — ಬೇಕೆಂದೇ.

ಇದನ್ನು ಹೇಳುತ್ತಿರುವವನು ಮಿರಜಿನ ನಮ್ಮ ಓಣಿಯಲ್ಲಿ ಎಲ್ಲರ ದನಿ ತೆಗೆದು ನಗಿಸುವವನು. ಸ್ಟೇಶನ್ನಿನ ಅನೌನ್ಸ್‌ಮೆಂಟು, ಅಪ್ಪನ ಸೀನು, ಕಾಲೇಜಿನ ಸರ್ ಗಂಟಲು ಸರಿಮಾಡಿಕೊಳ್ಳುವುದು, ಎಲ್ಲ ಬರುತ್ತದೆ. ನನ್ನದೇ ದನಿಯನ್ನೂ ಬಿಟ್ಟಿಲ್ಲ: ಠೀವಿಯಿಂದ ಕನ್ನಡದಲ್ಲಿ ಶುರುಮಾಡಿ, ಅರ್ಧ ದಾರಿಗೆ ಮರಾಠಿಯ ಕೆಸರಿನಲ್ಲಿ ಜಾರಿ ಬೀಳುವ ಶಾಣ್ಯಾ. ಊರಿನ ದನಿಯನ್ನೆಲ್ಲ ಹೊತ್ತು ತಿರುಗುವ ಈ ಬಾಯಿಗೆ ಒಂದೇ ಒಂದು ದನಿಯನ್ನು ನೆಟ್ಟಗೆ ಆ ಕಡೆಯಿಂದ ಈ ಕಡೆಗೆ ಮುಟ್ಟಿಸಲು ಆಗಲಿಲ್ಲ.

ಕಾಕು ಅಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಅಥಣಿ ಕಡೆಯಿಂದ ಬಂದವರು. ಕಾಕಾ ಬೇಗ ತೀರಿಕೊಂಡರು. ಕಾಕು ನಮ್ಮ ಜೊತೆಯಲ್ಲೇ ಉಳಿದರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನನಗೆ ಹೊಸ್ತಿಲಿನ ಆಚೆಯದೇ ಹೆಚ್ಚು ರೂಢಿ. ಅವರಿಗೆ ಈಚೆಯದು.

ಬಟ್ಟೆ ಒಗೆಯುವ ಆ ಮಶೀನು ಬಂದದ್ದು ನಾನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗ. ಸಾಂಗ್ಲಿಯ ಪೇಟೆಯಲ್ಲಿ ಅರಿಷಿಣದ ಅಂಗಡಿಗಳ ಪಕ್ಕಕ್ಕೆ ಗಾಜಿನ ಷೋರೂಮುಗಳು ಏಳುತ್ತಿದ್ದ ಕಾಲ. ಅಪ್ಪ ಒಂದು ಸಂಜೆ ಕಂತಿನ ಮೇಲೆ ಅದನ್ನು ತಂದರು. ಎಡಕ್ಕೆ ಒಗೆಯುವ ತೊಟ್ಟಿ, ಬಲಕ್ಕೆ ಹಿಂಡುವ ಡ್ರಾಯರ್. ಓಣಿಯವರೆಲ್ಲ ಬಂದು ಮುಚ್ಚಳ ಎತ್ತಿ ಇಣುಕಿದರು, ಬಾವಿಯಲ್ಲಿ ಇಣುಕಿದ ಹಾಗೆ.

ವರ್ಷಗಳು ಕಳೆದ ಹಾಗೆ ಎಡಭಾಗ ಸೋರತೊಡಗಿತು. ತಿರುಗಿಸುವ ಗುಂಡಿ ಮುರಿದು, ಪಕ್ಕಡ ಹಾಕಿ ತಿರುಗಿಸುವ ಹಾಗಾಯಿತು. ಆದರೆ ಬಲಭಾಗ, ಆ ಡ್ರಾಯರ್ — ಅದು ಅಷ್ಟರಲ್ಲಿ ಕಾಕುವಿನದಾಗಿತ್ತು. ಅವರು ಬಟಾಟಿ ಕೀಸು ಮಾಡುತ್ತಿದ್ದರು. ಬಟಾಟಿ ತುರಿದು, ತೊಳೆದು, ಕುದಿಸಿ, ಒಣಗಿಸಿ — ಉಪವಾಸದ ದಿನ ಜನ ಕರಿದು ತಿನ್ನುವಂಥದ್ದು. ಕುದಿಸಿದ ಕೀಸನ್ನು ತೆಳು ಅರಿವೆಯಲ್ಲಿ ಗಂಟು ಕಟ್ಟಿ ಡ್ರಾಯರಿಗೆ ಹಾಕಿದರೆ ನೀರೆಲ್ಲ ಬಸಿದು ಹೋಗುತ್ತಿತ್ತು. ಅರೆಬಿಸಿಲಿಗೂ ಗರಿಗರಿಯಾಗಿ ಒಣಗುತ್ತಿತ್ತು. ಮಿರಜಿನ ಅಂಗಡಿಗಳಿಗೆ ಹೋಗುತ್ತಿದ್ದ ಕೀಸು ಸಾಂಗ್ಲಿಗೂ ಹೋಗತೊಡಗಿತು. ಯಾರನ್ನೂ ಏನನ್ನೂ ಕೇಳದೆ ಕಾಕು ತಮಗೆ ಬೇಕಾದ ಸೀರೆ ಕೊಳ್ಳುವ ಹಾಗಾದದ್ದು ಆಗಲೇ.

ಆ ಮಧ್ಯಾಹ್ನಗಳು ಈಗಲೂ ನನ್ನೊಳಗೆ ತಿರುಗುತ್ತವೆ. ಹಿತ್ತಲಿನ ಕಲ್ಲಿನ ಮೇಲೆ ನಾನು ಅರೆನಿದ್ದೆಯಲ್ಲಿ ಬಿದ್ದಿರುತ್ತಿದ್ದೆ. ಪಕ್ಕದ ಮನೆಯಲ್ಲಿ ಸಿತಾರ್ ಮಾಡುವವರು; ಅವರು ಒಂದೇ ತಂತಿಯನ್ನು ಮೀಟಿ ಮೀಟಿ ನೋಡುತ್ತಿದ್ದರು. ಇತ್ತ ಡ್ರಾಯರ್ ಗುಂಯ್‌ಗುಡುತ್ತ ಏರಿ, ಏರಿ, ಆ ತಂತಿಯ ದನಿಯನ್ನು ಇನ್ನೇನು ಮುಟ್ಟಿತು ಅನ್ನುವಷ್ಟರಲ್ಲಿ — ಕಾಕು ಮುಚ್ಚಳ ಎತ್ತುತ್ತಿದ್ದರು. ದನಿ ಇಳಿಯುತ್ತಿತ್ತು. ಟಕ್… ಟಕ್… ಟಕ್. ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಅವರು ಕೀಸು ಹರವುವಾಗ ಬಿಳಿ ಎಳೆಗಳ ಮೇಲೆ ಬಿಸಿಲು ಮಲಗಿಕೊಂಡಿರುತ್ತಿತ್ತು. ನನ್ನ ಶರ್ಟುಗಳಿಗೆಲ್ಲ ಬಟಾಟಿಯ ವಾಸನೆ. ಕಾಲೇಜಿನ ಗೆಳೆಯರು ನನಗೆ ‘ಉಪವಾಸ’ ಅಂತ ಹೆಸರಿಟ್ಟಿದ್ದರು.

ಇನ್ನೊಂದು ಮಾತು ಇದಕ್ಕೂ ಹಿಂದಿನದು. ಅದನ್ನು ಬಿಟ್ಟರೆ ನನ್ನ ತಪ್ಪು ಅರ್ಧವೇ ಆಗುತ್ತದೆ.

ಕನ್ನಡದಲ್ಲಿ ಸೀರೆ ಅಂದರೆ ಸೀರೆ; ಅದು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಮರಾಠಿಯಲ್ಲಿ ಸೀರೆ ಹೆಣ್ಣು, ಚಹಾ ಗಂಡು. ಕಾಕುವಿಗೆ ಈ ಕಟ್ಟುಪಾಡು ಹತ್ತಲಿಲ್ಲ. ಕಂಡದ್ದನ್ನೆಲ್ಲ ಗಂಡು ಮಾಡಿಬಿಡುತ್ತಿದ್ದರು. ಒಂದು ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತಿದ್ದಾಗ ಯಾರದೋ ಕೈಯಿಂದ ನೀರು ಚೆಲ್ಲಿತು. ಕಾಕು ನಗುತ್ತ, “ಮಾಝಾ ಸಾಡಿ ಓಲಾ ಝಾಲಾ” ಅಂದರು. ನನ್ನ ಸೀರೆ ಒದ್ದೆಯಾಯಿತು ಅನ್ನಲು ‘ಮಾಝೀ ಸಾಡಿ’ ಅನ್ನಬೇಕು. ‘ಮಾಝಾ’ ಅಂದರೆ ಸೀರೆ ಗಂಡಸಾಗುತ್ತದೆ.

ನಾನು ಬಿಟ್ಟೇನೆಯೇ? ಬಾಗಿಲಲ್ಲಿ ನಿಂತು, ಹೆಗಲ ಮೇಲೆ ಟವೆಲನ್ನು ಸೆರಗಿನ ಹಾಗೆ ಹೊದ್ದು, ಇನ್ನೊಂದು ಕೈಯಲ್ಲಿ ಇಲ್ಲದ ಮೀಸೆ ತಿರುವಿ, ‘ಸಾಡಿರಾವ್ ಒದ್ದೆಯಾದರು’ ಅಂತ ಕಾಕುವಿನದೇ ದನಿಯಲ್ಲಿ ಸಾರಿದೆ. ಹೆಂಗಸರು ನಕ್ಕು ಬಿದ್ದರು. ಕಾಕುವೂ ನಕ್ಕರು. ಎಲ್ಲರಿಗಿಂತ ಹೆಚ್ಚು ಹೊತ್ತು ಅವರೇ ನಕ್ಕರು — ನನಗೆ ಹಾಗನ್ನಿಸಿತ್ತು. ಸಾಡಿರಾವ್ ಅನ್ನುವ ಹೆಸರು ಓಣಿಯಲ್ಲಿ ಬಹಳ ದಿನ ಓಡಾಡಿತು.

ಆಮೇಲೆ ಕಾಕು ಹೊರಗಿನವರ ಎದುರು ಮರಾಠಿ ಮಾತಾಡಿದ್ದು ನನಗೆ ನೆನಪಿಲ್ಲ. ಅಂಗಡಿಯವರು ಬಂದರೆ, ಕೀಸಿನ ಗಿರಾಕಿ ಬಂದರೆ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ನೋಡುತ್ತಿದ್ದರು: ನೀ ಹೇಳಪಾ. ನಾನು ಹೇಳುತ್ತಿದ್ದೆ. ಇದೊಂದು ದೊಡ್ಡಸ್ತಿಕೆ ಅಂದುಕೊಂಡಿದ್ದೆ. ಒಬ್ಬರ ನಾಲಿಗೆಯನ್ನು ಕಿತ್ತು ನನ್ನ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ ಅಂತ — ಇಲ್ಲ, ಆಗ ಹೊಳೆಯಲಿಲ್ಲ.

ಕಾಲೇಜಿನ ಮೊದಲ ವರ್ಷ ನನಗೆ ಇನ್ನೊಂದು ಮಶೀನಿನ ಹುಚ್ಚು ಹಿಡಿಯಿತು. ಸಾಂಗ್ಲಿಯ ಒಂದು ಷೋರೂಮಿನಲ್ಲಿ ಅದನ್ನು ಕಂಡಿದ್ದೆ. ಮುಂದೆ ದುಂಡಗಿನ ಗಾಜಿನ ಬಾಗಿಲು. ಒಳಗೆ ಒಂದು ಕೆಂಪು ಶರ್ಟು ನೊರೆಯಲ್ಲಿ ತೇಲುತ್ತ, ಮುಳುಗುತ್ತ, ಮತ್ತೆ ತೇಲುತ್ತ… ನಾನು ಬಸ್ಸು ತಪ್ಪಿಸಿಕೊಂಡು ನೋಡುತ್ತ ನಿಂತೆ. ಒಗೆಯುವುದೂ ಹಿಂಡುವುದೂ ಒಂದೇ ಹೊಟ್ಟೆಯಲ್ಲಿ. ಅದು ಮನೆಗೆ ಬಂದರೆ ನಾವೂ ಬೇರೆಯೇ ಜನ ಆಗುತ್ತೇವೆ ಅನ್ನಿಸಿತು. ಬಟಾಟಿ ವಾಸನೆ ಇಲ್ಲದ ಜನ.

ಅಪ್ಪನಿಗೆ ಹೇಳಿ ಹೇಳಿ ಒಪ್ಪಿಸಿದೆ. ಕಾಕು ಮಾತ್ರ ಡ್ರಾಯರ್ ಇರಲಿ ಅಂದರು. ಅಪ್ಪ ನಡುವಿನ ದಾರಿ ಹುಡುಕಿದರು: ಅಂಗಡಿಯವನು ಬಂದು ನೋಡಲಿ, ರಿಪೇರಿ ಆಗುತ್ತದೆ ಅಂದರೆ ಹಳೆಯದೇ ಇರಲಿ, ಇಲ್ಲದಿದ್ದರೆ ಎಕ್ಸ್‌ಚೇಂಜಿಗೆ ಕೊಟ್ಟು ಗಾಜಿನದನ್ನು ತರೋಣ. ಕೊನೆಯ ಮಾತು ಕಾಕುವಿನದೇ. ಇಷ್ಟು ಹೇಳಿ ಅಪ್ಪ ಕೆಲಸಕ್ಕೆಂದು ಪೇಢಿಗೆ ಹೋದರು. ಅವ್ವ ತವರಿಗೆ ಹೋಗಿದ್ದಳು.

ಅಂಗಡಿಯವನು ಟೆಂಪೋ ತಗೊಂಡೇ ಬಂದ. ಮಶೀನಿನ ಮೇಲೆ ಕೈಯಿಟ್ಟು, ಇದನ್ನೇನು ಮಾಡೋಣ ಅಂತ ಮರಾಠಿಯಲ್ಲಿ ಕೇಳಿದ. ಕಾಕು ನನ್ನ ಕಡೆ ತಿರುಗಿದರು.

“ಅದನ್ನ ತಗೀರಿ ಅನ್ನಪಾ. ಒಳಗ ಬೆಲ್ಟ್ ಸಡಲಾಗಿರಬೇಕು.”

ತಗೀರಿ. ಬಾಗಿಲು ತಗೀರಿ ಅಂದರೆ ತೆರೆಯಿರಿ. ಕಸ ತಗೀರಿ ಅಂದರೆ ಹೊರಗೆ ಹಾಕಿರಿ. ನಮ್ಮ ಕನ್ನಡದಲ್ಲಿ ಒಂದೇ ಶಬ್ದ, ಮರಾಠಿಯಲ್ಲಿ ಎರಡು. ತೆರೆಯುವುದಕ್ಕೆ ‘ಉಘಡಾ’, ಹೊರಗೆ ತೆಗೆಯುವುದಕ್ಕೆ ‘ಕಾಢಾ’. ಕಾಕು ಯಾವುದನ್ನು ಹೇಳುತ್ತಿದ್ದಾರೆ ಅಂತ ಚಿಕ್ಕ ಕೂಸಿಗೂ ತಿಳಿಯುತ್ತಿತ್ತು. ನನ್ನ ಕಣ್ಣಲ್ಲಿ ಮಾತ್ರ ಒಂದು ಕೆಂಪು ಶರ್ಟು ನೊರೆಯಲ್ಲಿ ತೇಲುತ್ತಿತ್ತು. ಬೆಲ್ಟಿನ ಮಾತನ್ನು ನುಂಗಿಕೊಂಡೆ.

“ಕಾಢಾ” ಅಂದೆ.

ಅವನು ಪೈಪು ಕಳಚಿದ. ಟೆಂಪೋದ ಡ್ರೈವರ್ ಬಂದು ಇನ್ನೊಂದು ಬದಿ ಹಿಡಿದ. ಕಾಕು ಒಂದು ಹೆಜ್ಜೆ ಮುಂದೆ ಬಂದರು. ಬಾಯಿ ತೆರೆದರು. ನನ್ನ ಮುಖ ನೋಡಿದರು. ಮುಚ್ಚಿದರು. ಮಶೀನು ಹೊಸ್ತಿಲಿಗೆ ಬಂದಾಗ ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ಅಂದರು:

“ಒಳಗ ನನ್ನ ಅರಿವಿ ಐತಿ.”

ನಾನು ಡ್ರಾಯರಿನೊಳಗೆ ಕೈಹಾಕಿ ಗಂಟನ್ನು ತೆಗೆದು ಅವರ ಕೈಗೆ ಕೊಟ್ಟೆ. ಇನ್ನೂ ಬೆಚ್ಚಗಿತ್ತು. ಟೆಂಪೋ ಓಣಿಯ ತಿರುವು ದಾಟುವವರೆಗೂ ಆ ಗಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಸಂಜೆ ಅಪ್ಪ ಕೇಳಿದಾಗ ಕಾಕು ‘ಹೋಗಲಿ ಬಿಡ್ರಿ’ ಅಂದರು. ಮರುದಿನ ಗಾಜಿನದು ಬಂತು. ಅದರ ಬಾಗಿಲು ಒಮ್ಮೆ ಹಾಕಿಕೊಂಡರೆ ಅದಕ್ಕೆ ಬೇಕೆನಿಸಿದಾಗಲೇ ತೆರೆಯುವಂಥದ್ದು. ಕಾಕು ಒಮ್ಮೆ ಗಂಟನ್ನು ಅದರೊಳಗೆ ಇಟ್ಟು ನೋಡಿದರು. ಅದು ಅಳುಕಿದ ಹಾಗೆ ಅಲುಗಾಡಿ, ಪೀಂ ಪೀಂ ಅಂತ ಕೂಗಿ ನಿಂತುಬಿಟ್ಟಿತು. ಆ ಪೀಂ ಪೀಂ ಅನ್ನು ನಾನು ಅಲ್ಲೇ ನಿಂತು ಅಣಕಿಸಿ ತೋರಿಸಿದೆ. ಆಮೇಲೆ ಅವರು ಕೈಯಲ್ಲೇ ಹಿಂಡಿದರು. ಮಳೆಗಾಲ ಬಂತು, ಕೀಸು ಕಪ್ಪಿಟ್ಟಿತು. ಅಂಗಡಿಯವರು ಕೇಳುವುದು ಬಿಟ್ಟರು, ಕಾಕು ಕಳಿಸುವುದು ಬಿಟ್ಟರು. ಮಧ್ಯಾಹ್ನ ಆ ಗಾಜಿನ ಮುಂದೆ ಕೂತು, ಒಳಗೆ ನಮ್ಮ ಬಟ್ಟೆಗಳು ತಿರುಗುವುದನ್ನು ಸುಮ್ಮನೆ ನೋಡುತ್ತಿದ್ದರು. ಪಕ್ಕದ ಮನೆಯ ತಂತಿ ಒಂದೇ ಮಿಡಿಯುತ್ತಿತ್ತು.

ಈಗ ನನ್ನನ್ನು ಮದುವೆ-ಮುಂಜಿಗೆ, ಗಣಪತಿಯ ಮಂಡಳಿಗಳಿಗೆ ಮಿಮಿಕ್ರಿಗೆ ಕರೆಯುತ್ತಾರೆ. ಮೊನ್ನೆ ಕವಲಾಪುರದಲ್ಲಿ ಹಳೆಯ ಡ್ರಾಯರ್ ಮಾಡಿ ತೋರಿಸಿದೆ. ದನಿ ಏರಿಸಿದೆ, ಏರಿಸಿದೆ. ಜನ ಶಿಳ್ಳೆ ಹೊಡೆದರು. ಇನ್ನು ಇಳಿಯಬೇಕು: ಟಕ್… ಟಕ್… ಆದರೆ ಮುಚ್ಚಳ ಎತ್ತಲು ಕೈ ಬರಲಿಲ್ಲ. ಬೇರೆ ಏನೋ ಮಾಡಿ ಮುಗಿಸಿದೆ.

ಮರುದಿನ ಮಾಳಿಗೆಯ ಮೇಲೆ ಕಾಕು ಒಣಗಿದ ಚಾದರ ಮಡಚುತ್ತಿದ್ದರು. ಇನ್ನೊಂದು ತುದಿ ಹಿಡಿ ಅಂದರು. ಹಿಡಿದೆ. ಮಡಚುತ್ತ ಮಡಚುತ್ತ ಇಬ್ಬರೂ ಹತ್ತಿರ ಬಂದೆವು. ನನ್ನ ತುದಿ ಅವರ ಕೈಗೆ ಸೇರುವಾಗ, ನನ್ನ ತೂತುಬಿದ್ದ ಕನ್ನಡದಲ್ಲೇ ಹೇಳಿದೆ:

“ಕಾಕು, ಆವತ್ತ ನೀವು ತಗೀರಿ ಅಂದ್ರಿ… ನಾ ಬೇಕಂತನ ಕಾಢಾ ಅಂದೆ.”

ಅವರು ಚಾದರವನ್ನು ಎದೆಗೆ ಒತ್ತಿ ಸುಕ್ಕು ಬಿಡಿಸಿದರು. ನನ್ನ ಕಡೆ ನೋಡಲಿಲ್ಲ.

“ತಿಳದಿತ್ತು ತಮ್ಮಾ. ಅದು ನಂದು, ಒಯ್ಯಬ್ಯಾಡ್ರಿ ಅನ್ನೂದಿತ್ತು. ಮಶೀನಿಗೆ ಮಾಝಾ ಅನ್ನಬೇಕೊ ಮಾಝೀ ಅನ್ನಬೇಕೊ ತಿಳೀಲಿಲ್ಲ. ತಪ್ಪಿದ್ರ ನೀ ಮತ್ತ ಮೀಸಿ ತಿರುವಾಂವ.”