ಸಿಹಿ ಹುಣಸೆಯ ಮೂವತ್ತು ಕಡ್ಡಿ

ನರ್ಸರಿಗೆ ಬರುವವರೆಲ್ಲ ಅವಳನ್ನು ಕಸಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಕಸಿ ಕಟ್ಟುವುದೇ ಅವಳ ಕೆಲಸ. ಜೊತೆಗೆ ಅವಳ ತಂಗಿ. ಹುಣಸೆ ಎಂದರೆ ಕಸಿಯಕ್ಕನಿಗೆ ಜೀವ. ಬೀಜದಿಂದ ಎದ್ದ ಗಿಡ ಕಾಯಿ ಬಿಡಲು ಎಂಟು ಹತ್ತು ವರ್ಷ ಸತಾಯಿಸುತ್ತದೆ, ಕಾಯಿ ಹೇಗಿರುತ್ತದೋ ಎಂಬ ಖಾತ್ರಿಯೂ ಇಲ್ಲ. ಕಸಿ ಮಾಡಿದರೆ ತಾಯಿಮರದ ಗುಣವೇ ಇಳಿದು ಬರುತ್ತದೆ.

ಒಂದು ಬೇಸಗೆಯಲ್ಲಿ ಕಾಲುವೆ ದಂಡೆಯ ಹಳೆಯ ಮರವೊಂದರ ಹಣ್ಣು ಬಾಯಿಗಿಟ್ಟಾಗ ಅವಳು ಬೆರಗಾಗಿದ್ದಳು. ಹುಳಿಯೇ ಇಲ್ಲ, ಅಪ್ಪಟ ಸಿಹಿ! ಮೊಗ್ಗು ಉಬ್ಬಲಿ, ಆಮೇಲೆ ಕಸಿಗೆ ಕಡ್ಡಿ ತರೋಣ ಎಂದು ಕಾಯುತ್ತಿದ್ದಳು.

ಒಂದು ಬೆಳಿಗ್ಗೆ ತಂಗಿ ಓಡಿ ಬಂದಳು. “ಅಕ್ಕಾ, ಬೇಗ ಬಾ, ಆ ಮರಕ್ಕೆ ಗರಗಸ ಹಾಕ್ತಿದ್ದಾರೆ!”

ಇಬ್ಬರೂ ತುದಿಗೆ ಕುಡುಗೋಲು ಕಟ್ಟಿದ ದೋಟಿ, ಒದ್ದೆ ಗೋಣಿ ಹಿಡಿದು ಓಡಿದರು. ಹೋಗುವಷ್ಟರಲ್ಲಿ ಬುಡ ಅರ್ಧ ಕೊಯ್ದಾಗಿತ್ತು. ಒಂದು ಕಡೆ ಮನೆಗಳಿದ್ದುದರಿಂದ ಮರವನ್ನು ಕಾಲುವೆಗೇ ಬೀಳಿಸುವವರಿದ್ದರು. ಕಾಲುವೆಯಲ್ಲಿ ಹರಿಯುತ್ತಿದ್ದದ್ದು ಬಣ್ಣದ ಕಾರ್ಖಾನೆಯ ಕೊಳೆನೀರು. ಒಳ್ಳೆಯ ಕಡ್ಡಿಗಳೆಲ್ಲ ಆ ಕಡೆಯ ಕೊಂಬೆಯಲ್ಲೇ.

“ಅಣ್ಣಾ, ಐದು ನಿಮಿಷ ಕೊಡಿ. ನೀರಿಗೆ ಬಿದ್ರೆ ಒಂದು ಕಡ್ಡೀನೂ ಉಳಿಯಲ್ಲ,” ಎಂದು ಕಸಿಯಕ್ಕ ಮರ ಕಡಿಸುತ್ತಿದ್ದ ಮೇಸ್ತ್ರಿಯನ್ನು ಬೇಡಿದಳು.

“ತಲೆ ಕೆಟ್ಟಿದೆಯೇನಮ್ಮ? ಗಾಳಿ ಬೀಸಿದ್ರೆ ಮುಗೀತು,” ಎಂದು ಮೇಸ್ತ್ರಿ ಗದರಿದ. ಅವಳು ಕದಲಲಿಲ್ಲ. ಅವನು ಮರ ನೋಡಿದ, ಅವಳ ಮುಖ ನೋಡಿದ. “ಹಗ್ಗ ಹಿಂದಕ್ಕೆ ಬಿಗಿ ಹಿಡೀರೋ!” ಎಂದು ಆಳುಗಳಿಗೆ ಹೇಳಿ ಅವಳತ್ತ ತಿರುಗಿದ. “ನಾನು ಕೂಗಿದ ತಕ್ಷಣ ಓಡ್ಬೇಕು, ಆಯ್ತಾ?”

ಕಸಿಯಕ್ಕ ಕಾಲುವೆಯ ಮೋಟುಗೋಡೆ ಹತ್ತಿ ದೋಟಿ ಎತ್ತಿದಳು. ಪೆನ್ಸಿಲ್ ಗಾತ್ರದ ಕಡ್ಡಿಗಳು ಒಂದೊಂದಾಗಿ ಉದುರಿದವು. ತಂಗಿ ಆಯ್ದು ಗೋಣಿಗೆ ತುಂಬಿದಳು. ಇಪ್ಪತ್ತು, ಇಪ್ಪತ್ತೈದು, ಮೂವತ್ತು. ಬುಡದಲ್ಲಿ ಲಟಕ್ ಎಂದಿತು.

“ಓಡಿ!” ಮೇಸ್ತ್ರಿ ಕೂಗಿದ.

ದೋಟಿ ಕೊಂಬೆಗೆ ಸಿಕ್ಕಿಕೊಂಡಿತ್ತು. ಅವಳು ಇನ್ನೊಮ್ಮೆ ಜಗ್ಗಿದಳು. ತಂಗಿ ಅವಳ ರಟ್ಟೆ ಹಿಡಿದು ಎಳೆದುಕೊಂಡು ಓಡಿದಳು. ಹಿಂದೆ ನೆಲ ಅದುರಿತು. ತಿರುಗಿ ನೋಡಿದರೆ ಅವಳು ನಿಂತಿದ್ದ ಗೋಡೆ ಪುಡಿಪುಡಿ.

“ನಿನಗೇನಾದ್ರೂ ಆಗಿದ್ರೆ?” ಎಂದಳು ತಂಗಿ. ಕೋಪದಿಂದ ಗೋಣಿ ಹೆಗಲಿಗೇರಿಸಿ ಮುಂದೆ ನಡೆದುಬಿಟ್ಟಳು.

ಕಡ್ಡಿ ಒಣಗುವ ಮುಂಚೆ ಕಸಿ ಮುಗಿಯಬೇಕಿತ್ತು. ಕಸಿಯಕ್ಕನ ಬ್ಲೇಡು ಎರಡು ಸಲ ಜಾರಿತು. ತಂಗಿ ಪಕ್ಕದಲ್ಲಿ ಕೂತು, ನರ್ಸರಿಯ ಹುಣಸೆ ಸಸಿಗಳ ತಲೆ ಕತ್ತರಿಸಿ, ಸೀಳಿ ಕೊಡತೊಡಗಿದಳು. ಅಕ್ಕ ಕಡ್ಡಿಯ ತುದಿಯನ್ನು ಬೆಣೆಯಂತೆ ಹೆರೆದು, ಸೀಳಿನೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದಳು. ಒಟ್ಟು ಮೂವತ್ತು ಗಿಡ.

ಎರಡು ವಾರಕ್ಕೆ ಹದಿನೆಂಟು ಕಪ್ಪಾಗಿ ಸತ್ತವು. ಮೂರನೆಯ ವಾರ ಇನ್ನೂ ಒಂಬತ್ತು. ಕಸಿಯಕ್ಕನಿಗೆ ಅನ್ನ ಸೇರದಾಯಿತು. ಇಪ್ಪತ್ತಾರನೇ ದಿನ ತಂಗಿಯೇ ಕೂಗಿದಳು: “ಅಕ್ಕಾ, ಇಲ್ಲಿ ನೋಡು!” ಒಂದು ಕಡ್ಡಿಯಲ್ಲಿ ಸಾಸಿವೆಯಷ್ಟು ಕೆಂಪು ಚಿಗುರು. ಆ ವಾರವೇ ಉಳಿದ ಎರಡೂ ಒಡೆದವು.

ಮೂರನ್ನೂ ಮಾರದೆ ನರ್ಸರಿಯ ಹಿಂದೆ ನೆಟ್ಟರು. ಐದನೆಯ ಬೇಸಗೆಯಲ್ಲಿ ಮೊದಲ ಹಣ್ಣು ಬಿಡಿಸಿ ತಂಗಿ ಬಾಯಿಗೆ ಹಾಕಿಕೊಂಡಳು.

“ಸಿಹಿ ಇದೆ. ಆದ್ರೂ ಆವತ್ತಿನ ಕೋಪ ಇನ್ನೂ ಹೋಗಿಲ್ಲ ನನಗೆ.”

“ಇನ್ನೊಂದು ತಿನ್ನು,” ಎಂದಳು ಕಸಿಯಕ್ಕ.